ಖಾಲಿಯಾದದ್ದು ಹಿಡಿ ಪುಡಿ, ಎಸೆಯುತ್ತಿರುವುದು ಇಡೀ ಯಂತ್ರ

ಮಲೆನಾಡಿನ ಕಸದ ಪ್ರಶ್ನೆ ಬಂದಾಗಲೆಲ್ಲ ಪ್ಲಾಸ್ಟಿಕ್ ಕೈಚೀಲ, ಗುಟ್ಕಾ ಪೊಟ್ಟಣ, ಮದ್ಯದ ಬಾಟಲಿ, ಪ್ರವಾಸಿಗರು ಘಟ್ಟದ ತಿರುವಿನಲ್ಲಿ ಬಿಸಾಡಿ ಹೋದ ಊಟದ ತಟ್ಟೆಗಳ ಮಾತು ಬರುತ್ತದೆ. ಬರಲೇಬೇಕಾದ ಮಾತದು. ಆದರೆ ಪ್ರವಾಸಿಗನ ಕಡೆಗೆ ಬೆರಳು ತೋರುವ ತಾಲ್ಲೂಕು ಕಚೇರಿ, ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಬ್ಯಾಂಕು, ಶಾಲೆ-ಕಾಲೇಜು, ಜೆರಾಕ್ಸ್ ಅಂಗಡಿಗಳು ತಾವೇ ಹೊರಹಾಕುವ ಒಂದು ಬಗೆಯ ಕಸಕ್ಕೆ ಊರಿನಲ್ಲಿ ಲೆಕ್ಕ ಕೇಳುವವರಿಲ್ಲ. ಅದು ಲೇಸರ್ ಪ್ರಿಂಟರಿನ ಹೊಟ್ಟೆಯಿಂದ ಹೊರಬೀಳುವ ಖಾಲಿ ಟೋನರ್ ಕಾರ್ಟ್ರಿಜ್.

ಕರ್ನಾಟಕದಲ್ಲಿ 2000ದ ದಶಕದ ಆರಂಭದಲ್ಲಿ 'ಭೂಮಿ' ಯೋಜನೆ ಜಾರಿಗೆ ಬಂದು ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಭೂದಾಖಲೆಗಳು ಗಣಕಯಂತ್ರಕ್ಕೆ ಸೇರಿದವು. ಶಾನುಭೋಗರ ಕಾಲದಿಂದ ಬಂದ ಕೈಬರಹದ ಪಹಣಿ ಹಿಂದೆ ಸರಿದು ಮುದ್ರಿತ ಪಹಣಿ ಬಂದಿತು. ಅದರ ಬೆನ್ನಿಗೇ ಜಾತಿ-ಆದಾಯ ಪ್ರಮಾಣಪತ್ರ, ಬೆಳೆಸಾಲದ ಅರ್ಜಿ, ಉದ್ಯೋಗ ಖಾತರಿಯ ಹಾಜರಿ ಪಟ್ಟಿ, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ನೀಡುವ ಪ್ರತಿಗಳು, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಎಲ್ಲವೂ ಮುದ್ರಣಯಂತ್ರದ ಬಾಯಿಂದಲೇ ಹೊರಬರತೊಡಗಿದವು. ಈ ಬದಲಾವಣೆಯಿಂದ ಜನಸಾಮಾನ್ಯರಿಗೆ ಉಪಕಾರವಾಗಿದೆ. ಕಾಗದವಿಲ್ಲದ ಆಡಳಿತದ ಘೋಷಣೆಯ ನಡುವೆಯೂ ಹಾಳೆಗಳ ರಾಶಿ ಮಾತ್ರ ಕರಗಿಲ್ಲ. ಹಾಳೆಯ ಹಿಂದೆ ಕಾರ್ಟ್ರಿಜ್ಜಿನ ರಾಶಿಯೂ ಇದೆ.

ಪೆಟ್ಟಿಗೆಯೊಳಗಿನ ಸಂಗತಿ

ಸಣ್ಣ ಊರುಗಳ ಕಚೇರಿಗಳಲ್ಲಿ ಬಹುಕಾಲದಿಂದ ಕಾಣಿಸುವ ಎಚ್‌ಪಿ ಲೇಸರ್‌ಜೆಟ್ 1020 ಮಾದರಿಯ ಪ್ರಿಂಟರಿಗೆ ಬಳಕೆಯಾಗುವುದು '12ಎ' ಎಂಬ ಕಾರ್ಟ್ರಿಜ್. ಕಂಪನಿಯೇ ಹೇಳುವಂತೆ ಇದರ ಆಯುಷ್ಯ ಸುಮಾರು 2,000 ಪುಟಗಳು. ಎಂದರೆ 500 ಹಾಳೆಗಳ ನಾಲ್ಕು ಕಟ್ಟು. ಅದೂ ಪುಟದ ಶೇ 5ರಷ್ಟು ಭಾಗದಲ್ಲಿ ಮಾತ್ರ ಮಸಿ ಬಿದ್ದರೆ. ಗೆರೆ-ಚೌಕಗಳಿಂದ ತುಂಬಿದ ಕಂದಾಯದ ನಮೂನೆಗಳಾದರೆ ಆಯುಷ್ಯ ಇನ್ನೂ ಕಡಿಮೆ. ದಿನಕ್ಕೆ 100 ಪುಟ ಮುದ್ರಿಸುವ ಕಚೇರಿಯೊಂದು 20 ಕೆಲಸದ ದಿನಗಳಲ್ಲಿ ಒಂದು ಕಾರ್ಟ್ರಿಜ್ ಮುಗಿಸುತ್ತದೆ. ವರ್ಷಕ್ಕೆ ಹನ್ನೆರಡು ಎಂದುಕೊಂಡರೂ, ಇಂತಹ 50 ಮುದ್ರಣ ಕೇಂದ್ರಗಳಿರುವ ಒಂದು ತಾಲ್ಲೂಕಿನಲ್ಲಿ ವರ್ಷಕ್ಕೆ 600 ಕಾರ್ಟ್ರಿಜ್ ಖಾಲಿಯಾಗುತ್ತವೆ.

ಖಾಲಿಯಾಗುವುದೇನು? ಅದರೊಳಗಿದ್ದ ಸುಮಾರು 100 ಗ್ರಾಂ ಕಪ್ಪು ಪುಡಿ ಮಾತ್ರ. ಉಳಿಯುವ ಪೆಟ್ಟಿಗೆಯ ತೂಕ ಪುಡಿಯ ತೂಕದ ಹಲವು ಪಟ್ಟು. ಗಟ್ಟಿ ಪ್ಲಾಸ್ಟಿಕ್ಕಿನ ಕವಚ, ಬೆಳಕಿಗೆ ಸ್ಪಂದಿಸುವ ಲೇಪವುಳ್ಳ ಅಲ್ಯೂಮಿನಿಯಂ ಕೊಳವೆಯ ಡ್ರಮ್, ಪುಡಿಯನ್ನು ಸೆಳೆದು ತರುವ ಮ್ಯಾಗ್ನೆಟಿಕ್ ರೋಲರ್, ಡ್ರಮ್ಮಿಗೆ ವಿದ್ಯುದಾವೇಶ ನೀಡುವ ರಬ್ಬರ್ ಹೊದಿಕೆಯ ಉಕ್ಕಿನ ರೋಲರ್, ಪುಡಿಯ ಪದರವನ್ನು ಹದಗೊಳಿಸುವ ಡಾಕ್ಟರ್ ಬ್ಲೇಡ್, ಉಳಿದ ಪುಡಿಯನ್ನು ಕೆರೆದು ತೆಗೆಯುವ ವೈಪರ್ ಬ್ಲೇಡ್, ಹಲ್ಲುಚಕ್ರಗಳು, ಸ್ಪ್ರಿಂಗುಗಳು ಎಲ್ಲವೂ ಅದರಲ್ಲಿವೆ. ಪ್ರಿಂಟರಿನ ಸೂಕ್ಷ್ಮವಾದ ಕೆಲಸದ ಬಹುಭಾಗ ನಡೆಯುವುದೇ ಈ ಪೆಟ್ಟಿಗೆಯೊಳಗೆ. ಮಸಿಕುಡಿಕೆ ಎಂದು ಜನ ತಿಳಿದಿರುವ ವಸ್ತು ವಾಸ್ತವದಲ್ಲಿ ಒಂದು ಪುಟ್ಟ ಯಂತ್ರ.

ಸವೆಯುವ ಭಾಗಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿಟ್ಟು, ಪುಡಿ ಮುಗಿದೊಡನೆ ಒಟ್ಟಿಗೇ ಬದಲಿಸುವ ಪದ್ಧತಿಯನ್ನು ಜಪಾನಿನ ಕ್ಯಾನನ್ ಕಂಪನಿ 1982ರಲ್ಲಿ ತನ್ನ ಪುಟ್ಟ ನಕಲುಯಂತ್ರದ ಮೂಲಕ ಮಾರುಕಟ್ಟೆಗೆ ತಂದಿತು. ಅದೇ ಕಂಪನಿಯ ಯಂತ್ರಭಾಗವನ್ನು ಬಳಸಿ 1984ರಲ್ಲಿ ಎಚ್‌ಪಿ ಲೇಸರ್‌ಜೆಟ್ ಹೊರಬಂತು. ಈ ಏರ್ಪಾಡಿನಲ್ಲಿ ಅನುಕೂಲವಿದ್ದುದು ಸುಳ್ಳಲ್ಲ. ತಂತ್ರಜ್ಞನನ್ನು ಕರೆಸದೆ ಯಾರು ಬೇಕಾದರೂ ಪೆಟ್ಟಿಗೆ ಬದಲಿಸಬಹುದಾಯಿತು. ಆದರೆ ಆ ಅನುಕೂಲದ ಬೆನ್ನಲ್ಲೇ ಒಂದು ವ್ಯಾಪಾರಸೂತ್ರವೂ ಹುಟ್ಟಿತು. ಪ್ರಿಂಟರನ್ನು ಅಗ್ಗವಾಗಿ ಕೊಟ್ಟು, ಕಾರ್ಟ್ರಿಜ್ಜಿನ ಮೇಲೆ ಜೀವನಪರ್ಯಂತ ಲಾಭ ಪಡೆಯುವುದೇ ಆ ಸೂತ್ರ. ಡ್ರಮ್ಮಿಗೆ ಇನ್ನೂ ಆಯುಷ್ಯವಿದ್ದರೂ, ರೋಲರಿಗೆ ಇನ್ನೂ ಕಸುವಿದ್ದರೂ, ಪುಡಿಯ ಜೊತೆಗೇ ಅವುಗಳ ಸಹಗಮನವಾಗಬೇಕು.

ಕಲಾಯಿ ಮಾಡಿಸುವ ನಾಡಿನ ವಿವೇಕ

ಒಳಗಿನ ತವರದ ಲೇಪ ಸವೆಯಿತೆಂದು ಹಿತ್ತಾಳೆಯ ಪಾತ್ರೆಯನ್ನು ಹೊಳೆಗೆ ಎಸೆದವರು ಮಲೆನಾಡಿನಲ್ಲಿ ಇರಲಿಲ್ಲ. ವರ್ಷಕ್ಕೊಮ್ಮೆ ಕಲಾಯಿಯವನು ಬಂದು, ತಿದಿಯೊತ್ತಿ, ನವಸಾಗರ ಹಾಕಿ, ತವರ ಬಳಿದು ಪಾತ್ರೆಯನ್ನು ಹೊಸದಾಗಿಸಿ ಹೋಗುತ್ತಿದ್ದನು. ಕತ್ತಿಯ ಹಿಡಿ ಮುರಿದರೆ ಹಿಡಿಯನ್ನಷ್ಟೇ ಬದಲಿಸಲಾಗುತ್ತಿತ್ತು. ನೇಗಿಲಿನ ಗುಳ ಸವೆದರೆ ಕುಲುಮೆಯಲ್ಲಿ ಹಣಿಸಲಾಗುತ್ತಿತ್ತು. ಸವೆದ ಅಂಗವೊಂದಕ್ಕಾಗಿ ಇಡೀ ವಸ್ತುವನ್ನು ಬಲಿಕೊಡಬಾರದೆಂಬ ಈ ವಿವೇಕವೇ ಕಾರ್ಟ್ರಿಜ್ ಪುನರ್ನವೀಕರಣದ ತಿರುಳು.

ಸರಿಯಾದ ಪುನರ್ನವೀಕರಣದಲ್ಲಿ ಕೆಲಸಗಳು ಒಂದು ಕ್ರಮದಲ್ಲಿ ನಡೆಯುತ್ತವೆ. ಮೊದಲು ಖಾಲಿ ಕಾರ್ಟ್ರಿಜ್ಜಿನ ಕವಚ ಒಡೆದಿದೆಯೇ ಎಂದು ನೋಡಿ, ಪರೀಕ್ಷಾ ಪುಟವೊಂದನ್ನು ಮುದ್ರಿಸಿ ದೋಷಗಳನ್ನು ಗುರುತಿಸುತ್ತಾರೆ. ಪುಟದ ಉದ್ದಕ್ಕೂ ಗೆರೆ ಬಿದ್ದರೆ ಡ್ರಮ್ ಗೀರಿದೆ ಅಥವಾ ವೈಪರ್ ಬ್ಲೇಡ್ ಹಾಳಾಗಿದೆ ಎಂದರ್ಥ. ನಿಗದಿತ ಅಂತರದಲ್ಲಿ ಮತ್ತೆ ಮತ್ತೆ ಚುಕ್ಕೆ ಬಿದ್ದರೆ ಸುತ್ತುವ ಯಾವುದೋ ರೋಲರಿನ ಮೈಯಲ್ಲಿ ಕಲೆಯಿದೆ ಎಂದರ್ಥ. ಬಳಿಕ ಪಿನ್ನುಗಳನ್ನು ತೆಗೆದು ಪೆಟ್ಟಿಗೆಯನ್ನು ಎರಡು ಭಾಗವಾಗಿ ಬಿಚ್ಚಿ, ಸೂಕ್ಷ್ಮ ಶೋಧಕವುಳ್ಳ ಹೀರುಯಂತ್ರದಿಂದ ಹಳೆಯ ಪುಡಿಯನ್ನು ತೆಗೆಯುತ್ತಾರೆ. ಬಳಸಿ ಉಳಿದ ಪುಡಿ ಸಂಗ್ರಹವಾಗುವ ಪ್ರತ್ಯೇಕ ಅರೆಯನ್ನು ತಪ್ಪದೆ ಖಾಲಿ ಮಾಡಬೇಕು. ಸವೆದ ಡ್ರಮ್ಮಿನ ಜಾಗಕ್ಕೆ ಹೊಸದನ್ನು ಹಾಕಿ, ಬ್ಲೇಡುಗಳನ್ನೂ ರೋಲರುಗಳನ್ನೂ ಪರಿಶೀಲಿಸಿ ಬೇಕಾದ್ದನ್ನು ಬದಲಿಸಿ, ಆ ಮಾದರಿಗೆ ಹೊಂದುವ ಪುಡಿಯನ್ನೇ ತೂಗಿ ತುಂಬಿ, ಮುಚ್ಚಿ, ಮತ್ತೊಮ್ಮೆ ಮುದ್ರಿಸಿ ನೋಡಿದ ಮೇಲಷ್ಟೇ ಅದು ಕಚೇರಿಗೆ ಹಿಂದಿರುಗಬೇಕು. ಪುನರ್ನವೀಕೃತ ಕಾರ್ಟ್ರಿಜ್ಜುಗಳ ಗುಣಮಟ್ಟಕ್ಕೆಂದೇ ಜರ್ಮನಿಯಲ್ಲಿ 'ಡಿಐಎನ್ 33870' ಎಂಬ ಮಾನಕವಿದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1995ರಷ್ಟು ಹಿಂದೆಯೇ ಸರ್ಕಾರಿ ಖರೀದಿಯ ಪರಿಸರಸ್ನೇಹಿ ವಸ್ತುಗಳ ಪಟ್ಟಿಗೆ ಟೋನರ್ ಕಾರ್ಟ್ರಿಜ್ಜನ್ನು ಸೇರಿಸಿತು. ಇದು ಬೀದಿಬದಿಯ ಜುಗಾಡ್ ಎಂದು ಮೂಗು ಮುರಿಯುವ ಅಧಿಕಾರಿಗಳು ಈ ಸಂಗತಿಯನ್ನು ಗಮನಿಸಬೇಕು.

ರೀಫಿಲ್ ಎಂಬ ಅರ್ಧ ಕೆಲಸ

ಹಾಗಾದರೆ ತಾಲ್ಲೂಕು ಕೇಂದ್ರಗಳಲ್ಲಿ ಈಗಾಗಲೇ ನಡೆಯುತ್ತಿರುವ ರೀಫಿಲ್ ಕೆಲಸವೇ ಸಾಲದೇ ಎಂಬ ಪ್ರಶ್ನೆ ಏಳಬಹುದು. 12ಎ ಕಾರ್ಟ್ರಿಜ್ಜಿನಲ್ಲಿ ಚಿಪ್ ಇಲ್ಲವಾದ್ದರಿಂದ ಅದನ್ನು ಮರುತುಂಬುವುದು ಸುಲಭ, ಆದ್ದರಿಂದಲೇ ರೀಫಿಲ್ ವೃತ್ತಿ ಸಣ್ಣ ಊರುಗಳಿಗೂ ಹಬ್ಬಿತು. ಬಂಡವಾಳವಿಲ್ಲದ ಯುವಕರು ಒಂದು ಸ್ಕ್ರೂಡ್ರೈವರ್, ಒಂದು ಕುಂಚ, ಪುಡಿಯ ಬಾಟಲಿಗಳನ್ನು ಹಿಡಿದು ಕಚೇರಿಯಿಂದ ಕಚೇರಿಗೆ ತಿರುಗಿ ಈ ವೃತ್ತಿಯನ್ನು ಕಟ್ಟಿದ್ದಾರೆ. ಸಾವಿರಾರು ಕಾರ್ಟ್ರಿಜ್ಜುಗಳು ಕಸಕ್ಕೆ ಹೋಗುವುದನ್ನು ತಡೆದವರು ಅವರೇ. ಅದಕ್ಕಾಗಿ ಯಾವ ಪರಿಸರ ಪ್ರಶಸ್ತಿಯೂ ಅವರಿಗೆ ಬಂದಿಲ್ಲ.

ಆದರೆ ಅವರು ತೆರುತ್ತಿರುವ ಬೆಲೆಯನ್ನೂ ಹೇಳಬೇಕು. ಟೋನರ್ ಎಂಬುದು ಇದ್ದಿಲ ಪುಡಿಯಲ್ಲ. ಅದರ ಬಹುಭಾಗ ಕಾವಿಗೆ ಕರಗುವ ಪ್ಲಾಸ್ಟಿಕ್. ಜೊತೆಗೆ ಕಾರ್ಬನ್ ಬ್ಲ್ಯಾಕ್ ಎಂಬ ಕಪ್ಪು, ಹಲವು ಬಗೆಗಳಲ್ಲಿ ಕಬ್ಬಿಣದ ಆಕ್ಸೈಡ್, ಮೇಣ ಮತ್ತಿತರ ರಾಸಾಯನಿಕಗಳು. ಕಣದ ಗಾತ್ರ ಸಾಮಾನ್ಯವಾಗಿ 5ರಿಂದ 10 ಮೈಕ್ರಾನ್, ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಾಲು ಸಣ್ಣದು. ಶ್ವಾಸನಾಳಕ್ಕೆ ಇಳಿಯಬಲ್ಲ ಈ ದೂಳನ್ನು ಮುಚ್ಚಿದ ಕೋಣೆಯಲ್ಲಿ ದಿನವಿಡೀ ಕುಂಚದಿಂದ ಕೊಡವುವುದು ಕ್ಷೇಮವಲ್ಲ. ಕಾರ್ಬನ್ ಬ್ಲ್ಯಾಕನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು '2ಬಿ' ವರ್ಗದಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಾಧ್ಯತೆಯುಳ್ಳ ವಸ್ತುಗಳಲ್ಲಿ ಇರಿಸಿದೆ. ಭಯ ಹುಟ್ಟಿಸಲು ಇದನ್ನು ಹೇಳುತ್ತಿಲ್ಲ. ಪುಡಿಯು ಪುಟದ ಮೇಲೆ ಕಾವಿನಿಂದ ಕರಗಿ ಅಂಟಿದ ಮೇಲೆ ಓದುಗನಿಗೆ ಭಯವಿಲ್ಲ. ಅದನ್ನು ಉಸಿರಾಡುವ ಕೆಲಸಗಾರನಿಗೆ ಮಾತ್ರ ಎಚ್ಚರಿಕೆ ಅಗತ್ಯ.

ಕೆಲವೆಡೆ ಪೆಟ್ಟಿಗೆಯನ್ನು ಬಿಚ್ಚುವುದೇ ಇಲ್ಲ. ಕವಚಕ್ಕೆ ತೂತು ಕೊರೆದು ಪುಡಿ ಸುರಿದು ಟೇಪು ಅಂಟಿಸಿ ಕೊಡಲಾಗುತ್ತದೆ. ಬಳಸಿದ ಪುಡಿಯ ಅರೆ ತುಂಬಿಯೇ ಉಳಿಯುತ್ತದೆ. ಎರಡು ಸುತ್ತು ಮುಗಿಯುವಷ್ಟರಲ್ಲಿ ಅದು ಉಕ್ಕಿ ಪುಟವೆಲ್ಲ ಮಸಿಯಾಗುತ್ತದೆ, ಪ್ರಿಂಟರಿನ ಒಳಭಾಗವೂ ಕೆಡುತ್ತದೆ. ಆಗ ಕಚೇರಿಯವರು ಪುನರ್ನವೀಕರಣವೇ ಮೋಸ ಎಂದು ತೀರ್ಮಾನಿಸುತ್ತಾರೆ. ಅರ್ಧ ಕೆಲಸದ ಅಪಕೀರ್ತಿ ಪೂರ್ತಿ ಕೆಲಸದ ತಲೆಗೆ ಬರುತ್ತದೆ.

ಇನ್ನು ಕೊಡವಿದ ಪುಡಿ ಎಲ್ಲಿಗೆ ಹೋಗುತ್ತದೆ? ಚರಂಡಿಗೆ ಸುರಿದರೆ ಮಲೆನಾಡಿನ ಚರಂಡಿ ಹಳ್ಳವನ್ನು ಸೇರುತ್ತದೆ, ಹಳ್ಳ ಹೊಳೆಯನ್ನು ಸೇರುತ್ತದೆ. ತುಂಗೆಯಾಗಲಿ, ಶರಾವತಿಯಾಗಲಿ, ಅಘನಾಶಿನಿಯಾಗಲಿ, ಕಾವೇರಿಯಾಗಲಿ ಹುಟ್ಟುವುದು ಇಂತಹ ಸಣ್ಣ ಹಳ್ಳಗಳಿಂದಲೇ. ನೀರಿನಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮಕಣಗಳ ಬಗ್ಗೆ ಜಗತ್ತೇ ಚಿಂತಿಸುತ್ತಿರುವ ಹೊತ್ತಿನಲ್ಲಿ ಟೋನರ್ ಪುಡಿಯು ಮೊದಲೇ ಸೂಕ್ಷ್ಮಕಣವಾಗಿ ತಯಾರಾಗಿ ಬಂದ ಪ್ಲಾಸ್ಟಿಕ್ ಎಂಬುದನ್ನು ಮರೆಯಬಾರದು. ಕಸದ ಜೊತೆ ಸುಟ್ಟರೆ ಕವಚದ ಪ್ಲಾಸ್ಟಿಕ್ಕು, ರಬ್ಬರು, ಪುಡಿ ಎಲ್ಲ ಸೇರಿ ವಿಷದ ಹೊಗೆಯಾಗುತ್ತವೆ.

ಬೀಗ ಜಡಿದ ಪೆಟ್ಟಿಗೆಗಳು

ಅರ್ಧ ಕೆಲಸಕ್ಕೆ ಅಂಗಡಿಯವನನ್ನು ಮಾತ್ರ ದೂರಿದರೆ ನ್ಯಾಯವಾಗದು. ಹೊಸ ಮಾದರಿಯ ಹಲವು ಕಾರ್ಟ್ರಿಜ್ಜುಗಳಲ್ಲಿ ಸಣ್ಣದೊಂದು ಚಿಪ್ ಇರುತ್ತದೆ. ಪುಟಗಳ ಎಣಿಕೆ ಮುಗಿದೊಡನೆ ಕಾರ್ಟ್ರಿಜ್ ಖಾಲಿ ಎಂದು ಅದು ಪ್ರಿಂಟರಿಗೆ ಹೇಳುತ್ತದೆ. ಅಪರಿಚಿತ ಚಿಪ್ ಕಂಡರೆ ಪ್ರಿಂಟರು ಕೆಲಸವನ್ನೇ ನಿಲ್ಲಿಸಬಹುದು. ಹೊಸ ಪುಡಿ ತುಂಬಿ, ಹೊಸ ಡ್ರಮ್ ಹಾಕಿ, ನೂರಕ್ಕೆ ನೂರು ಸರಿಯಾಗಿ ಮಾಡಿದ ಕಾರ್ಟ್ರಿಜ್ಜೂ ಚಿಪ್ಪಿನ ಒಂದು ಮಾತಿಗೆ ಕಸವಾಗಬಲ್ಲದು.

ಈ ಬೀಗದ ವಿರುದ್ಧ ಇತರ ದೇಶಗಳಲ್ಲಿ ದೀರ್ಘ ಹೋರಾಟ ನಡೆದಿದೆ. ಅಮೆರಿಕದ ಲೆಕ್ಸ್‌ಮಾರ್ಕ್ ಕಂಪನಿಯು ತನ್ನ ಚಿಪ್ಪಿಗೆ ಪರ್ಯಾಯ ತಯಾರಿಸಿದ ಸ್ಟ್ಯಾಟಿಕ್ ಕಂಟ್ರೋಲ್ ಎಂಬ ಸಂಸ್ಥೆಯ ಮೇಲೆ 2002ರ ಕೊನೆಯಲ್ಲಿ ಹಕ್ಕುಸ್ವಾಮ್ಯದ ಕಾಯ್ದೆಯಡಿ ದಾವೆ ಹೂಡಿತು. ಚಲನಚಿತ್ರ, ಸಂಗೀತಗಳ ಕಳ್ಳಪ್ರತಿ ತಡೆಯಲೆಂದು ಮಾಡಿದ ಕಾನೂನನ್ನು ಕಾರ್ಟ್ರಿಜ್ ಕಾಯಲು ಬಳಸುವ ಯತ್ನವದು. ಕೆಳಗಿನ ನ್ಯಾಯಾಲಯದಲ್ಲಿ ಕಂಪನಿಗೆ ಜಯ ದೊರೆತರೂ 2004ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ತಡೆಯಾಜ್ಞೆಯನ್ನು ತೆರವುಗೊಳಿಸಿತು. ಅದೇ ಕಂಪನಿ ಒಮ್ಮೆ ಬಳಸಿ ಹಿಂದಿರುಗಿಸಬೇಕೆಂಬ ಷರತ್ತಿನೊಡನೆ ರಿಯಾಯಿತಿ ಬೆಲೆಗೆ ಕಾರ್ಟ್ರಿಜ್ ಮಾರಿ, ಅದನ್ನು ಮರುತುಂಬಿ ಮಾರಿದವರ ಮೇಲೆ ಪೇಟೆಂಟ್ ಉಲ್ಲಂಘನೆಯ ಮೊಕದ್ದಮೆ ಹಾಕಿತ್ತು. 2017ರ ಮೇ 30ರಂದು ಅಮೆರಿಕದ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ವಸ್ತುವನ್ನು ಒಮ್ಮೆ ಮಾರಿದ ಮೇಲೆ ಅದರ ಮೇಲಿನ ಪೇಟೆಂಟ್ ಹಕ್ಕು ಮುಗಿಯಿತು, ಮಾರಾಟ ಸ್ವದೇಶದಲ್ಲಾದರೂ ಹೊರದೇಶದಲ್ಲಾದರೂ ಅಷ್ಟೇ ಎಂಬುದು ತೀರ್ಪಿನ ಸಾರ. ಹಳೆಯ ಕಾರುಗಳನ್ನು ದುರಸ್ತಿ ಮಾಡಿ ಮಾರುವ ಅಂಗಡಿಯ ಉದಾಹರಣೆಯನ್ನೇ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ತೀರ್ಪಿನಲ್ಲಿ ನೀಡಿದರು.

ಐರೋಪ್ಯ ಒಕ್ಕೂಟವು ತನ್ನ ವಿದ್ಯುನ್ಮಾನ ತ್ಯಾಜ್ಯದ ನಿರ್ದೇಶನದಲ್ಲಿ (2002/96), ಪರಿಸರ ಅಥವಾ ಸುರಕ್ಷತೆಯ ದೃಷ್ಟಿಯಿಂದ ಬಲವಾದ ಕಾರಣವಿಲ್ಲದೆ ಮರುಬಳಕೆಯನ್ನು ತಡೆಯುವಂತಹ ವಿನ್ಯಾಸವನ್ನು ಉತ್ಪಾದಕರು ಮಾಡದಂತೆ ಸದಸ್ಯ ದೇಶಗಳು ನೋಡಿಕೊಳ್ಳಬೇಕೆಂದು ಹೇಳಿತು. ಹಾಗಿದ್ದರೂ ಬೀಗಗಳು ತೆರೆದಿಲ್ಲ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿಯ ಕೆಲವು ಶಾಯಿ ಪ್ರಿಂಟರುಗಳು ಕಂಪನಿಯ ಚಿಪ್ ಇಲ್ಲದ ಕಾರ್ಟ್ರಿಜ್ಜುಗಳನ್ನು ಇದ್ದಕ್ಕಿದ್ದಂತೆ ನಿರಾಕರಿಸತೊಡಗಿದವು. ಇಂತಹ ನಿರ್ಬಂಧಗಳ ಬಗ್ಗೆ ಗ್ರಾಹಕರಿಗೆ ಸರಿಯಾಗಿ ತಿಳಿಸದ ಕಾರಣಕ್ಕೆ ಇಟಲಿಯ ಸ್ಪರ್ಧಾ ಪ್ರಾಧಿಕಾರವು 2020ರ ಡಿಸೆಂಬರಿನಲ್ಲಿ ಆ ಕಂಪನಿಗೆ 1 ಕೋಟಿ ಯೂರೊ ದಂಡ ವಿಧಿಸಿತು. ಕಾಸು ಕೊಟ್ಟು ಕೊಂಡ ಯಂತ್ರದ ಒಡೆಯ ಯಾರು ಎಂಬ ಪ್ರಶ್ನೆ ಇಲ್ಲಿದೆ. ಬೀಜವನ್ನು ಉಳಿಸಿ ಮತ್ತೆ ಬಿತ್ತುವ ಹಕ್ಕಿಗಾಗಿ ದನಿಯೆತ್ತಿದ ರೈತರಿಗೆ ಈ ಪ್ರಶ್ನೆ ಹೊಸದಲ್ಲ.

ಕಾನೂನಿನ ಜರಡಿಯಲ್ಲಿ ಜಾರಿಹೋಗುವ ಊರುಗಳು

ಭಾರತದಲ್ಲಿ ಕಾನೂನು ಇಲ್ಲವೆನ್ನುವಂತಿಲ್ಲ. 2012ರ ಮೇ 1ರಿಂದ ಜಾರಿಗೆ ಬಂದ ಮೊದಲ ಇ-ತ್ಯಾಜ್ಯ ನಿಯಮಗಳಿಂದ ಹಿಡಿದು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 2022ರ ನಿಯಮಗಳವರೆಗೆ 'ಕಾರ್ಟ್ರಿಜ್ ಸಹಿತ ಪ್ರಿಂಟರುಗಳು' ಪಟ್ಟಿಯಲ್ಲಿವೆ. ಖಾಲಿ ಕಾರ್ಟ್ರಿಜ್ ಇ-ತ್ಯಾಜ್ಯವೆಂಬುದರಲ್ಲಿ ಅನುಮಾನವಿಲ್ಲ. ಉತ್ಪಾದಕರು ಇಂತಿಷ್ಟು ಪ್ರಮಾಣದ ತ್ಯಾಜ್ಯದ ಮರುಸಂಸ್ಕರಣೆಗೆ ಹೊಣೆಯಾಗಬೇಕು. 2023-24ರಲ್ಲಿ ಶೇ 60ರಿಂದ ಆರಂಭವಾದ ಈ ಗುರಿ 2027-28ರಿಂದ ಶೇ 80ಕ್ಕೆ ಏರಬೇಕು. ಪುನರ್ನವೀಕರಣಕ್ಕೂ ನಿಯಮಗಳಲ್ಲಿ ಸ್ಥಾನವಿದೆ. ನೋಂದಾಯಿತ ಪುನರ್ನವೀಕರಣಕಾರರಿಂದ ವಸ್ತುವಿನ ಆಯುಷ್ಯ ಹೆಚ್ಚಿದರೆ ಉತ್ಪಾದಕನ ಹೊಣೆ ಮುಂದಕ್ಕೆ ಹೋಗುತ್ತದೆ. ಮುಂದೂಡಿದ ಪ್ರಮಾಣದಲ್ಲಿ ಶೇ 75ನ್ನು ಮಾತ್ರ ಆಮೇಲೆ ಅವನ ಲೆಕ್ಕಕ್ಕೆ ಸೇರಿಸಲಾಗುತ್ತದೆ.

ಆದರೆ ಇದೇ ನಿಯಮಗಳನ್ನು ಗುಡ್ಡದ ಊರಿನಿಂದ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ತ್ಯಾಜ್ಯವನ್ನು ನೋಂದಾಯಿತರಿಗೇ ಕೊಡಬೇಕೆಂಬ ಕಟ್ಟುಪಾಡು 'ಬೃಹತ್ ಬಳಕೆದಾರ'ರಿಗೆ ಅನ್ವಯಿಸುತ್ತದೆ. ವರ್ಷದ ಯಾವುದೇ ಸಮಯದಲ್ಲಿ ಕನಿಷ್ಠ 1,000 ಉಪಕರಣಗಳನ್ನು ಬಳಸಿದವರು ಮಾತ್ರ ಬೃಹತ್ ಬಳಕೆದಾರರು. ಗ್ರಾಮ ಪಂಚಾಯಿತಿಯಲ್ಲಾಗಲಿ, ಅಡಕೆ ಮಾರಾಟ ಸಂಘದ ಶಾಖೆಯಲ್ಲಾಗಲಿ, ಪದವಿಪೂರ್ವ ಕಾಲೇಜಿನಲ್ಲಾಗಲಿ ಸಾವಿರ ಉಪಕರಣಗಳು ಎಲ್ಲಿಂದ ಬರಬೇಕು? ಇತ್ತ ಸೂಕ್ಷ್ಮ ಉದ್ದಿಮೆಗಳು ನಿಯಮಗಳ ವ್ಯಾಪ್ತಿಯಿಂದಲೇ ಹೊರಗಿವೆ. ರೀಫಿಲ್ ಅಂಗಡಿ ಆ ಸಾಲಿಗೆ ಸೇರಿದ್ದು. ಕಸ ಹುಟ್ಟಿಸುವವನಿಗೂ ಕಟ್ಟುಪಾಡಿಲ್ಲ, ಅದನ್ನು ಉಳಿಸುವವನಿಗೂ ಮಾನ್ಯತೆಯಿಲ್ಲ. ಬೆಂಗಳೂರಿನ ದೊಡ್ಡ ಕಂಪನಿಯ ತ್ಯಾಜ್ಯಕ್ಕೆ ದಾಬಸ್‌ಪೇಟೆಯಂತಹ ಕಡೆ ಮಾನ್ಯತೆ ಪಡೆದ ಘಟಕಗಳಿವೆ. ಘಟ್ಟದ ಊರಿನಿಂದ ಎಂಟು-ಹತ್ತು ಕಾರ್ಟ್ರಿಜ್ ಒಯ್ಯಲು ಯಾವ ಲಾರಿಯೂ ಬರುವುದಿಲ್ಲ.

ಕಂಪನಿಗಳು ತಾವೇ ಖಾಲಿ ಕಾರ್ಟ್ರಿಜ್ ಹಿಂಪಡೆಯುವ ಯೋಜನೆಗಳನ್ನು ನಡೆಸುತ್ತಿರುವುದು ನಿಜ. ಎಚ್‌ಪಿಯ ಯೋಜನೆ 1991ರಿಂದಲೇ ಇದೆ. ಆದರೆ ಹಾಗೆ ಹಿಂಪಡೆದುದನ್ನು ಆ ಕಂಪನಿ ಮರುತುಂಬಿ ಮಾರುವುದಿಲ್ಲ, ಪುಡಿಮಾಡಿ ಕಚ್ಚಾವಸ್ತುವಾಗಿಸುತ್ತದೆ. ಅದು ಕಸದ ಗುಂಡಿಗಿಂತ ಮೇಲು. ಆದರೂ ಗಟ್ಟಿಮುಟ್ಟಾದ ಪಾತ್ರೆಯನ್ನು ಕಲಾಯಿ ಮಾಡಿಸದೆ ಗುಜರಿಯಲ್ಲಿ ಕರಗಿಸಿದಂತೆಯೇ ಸರಿ. ಮೊದಲು ಮರುಬಳಕೆ, ಅದು ಸಾಧ್ಯವಾಗದಿದ್ದಾಗ ಮರುಸಂಸ್ಕರಣೆ ಎಂಬುದು ತ್ಯಾಜ್ಯ ನಿರ್ವಹಣೆಯ ಒಪ್ಪಿತ ಕ್ರಮ.

ಆಕ್ಷೇಪಗಳಿಗೆ ಉತ್ತರ

ಪುನರ್ನವೀಕೃತ ಕಾರ್ಟ್ರಿಜ್ಜಿನ ವಿರುದ್ಧ ಒಂದು ಬಲವಾದ ವಾದವಿದೆ, ಅದನ್ನು ತಳ್ಳಿಹಾಕಬಾರದು. ಮುದ್ರಣದಿಂದಾಗುವ ಒಟ್ಟು ಪರಿಸರಹಾನಿಯಲ್ಲಿ ಕಾಗದದ ಪಾಲು ಬಹು ದೊಡ್ಡದು. ಕೆಟ್ಟ ಕಾರ್ಟ್ರಿಜ್ಜಿನಿಂದ ಹತ್ತರಲ್ಲಿ ಎರಡು ಪುಟ ಹಾಳಾದರೆ ಉಳಿಸಿದ ಪ್ಲಾಸ್ಟಿಕ್ಕಿನ ಪುಣ್ಯವೆಲ್ಲ ಕಾಗದದ ಪಾಪದಲ್ಲಿ ಕೊಚ್ಚಿಹೋಗುತ್ತದೆ ಎಂಬುದು ಆ ವಾದ. ಕಾಗದದ ಬೆಲೆ ಏನೆಂದು ಮಲೆನಾಡಿಗೆ ಹೇಳಿಕೊಡಬೇಕಿಲ್ಲ. ದಾಂಡೇಲಿಯ ಕಾಗದ ಕಾರ್ಖಾನೆಗೆ ಉತ್ತರ ಕನ್ನಡದ ಬಿದಿರು ಹೋದುದನ್ನೂ, ಭದ್ರಾವತಿಯ ಕಾಗದ ಕಾರ್ಖಾನೆಯ ಹೆಸರಿನಲ್ಲಿ ಶಿವಮೊಗ್ಗ ಜಿಲ್ಲೆಯ ಗುಡ್ಡಗಳ ಮೇಲೆ ಅಕೇಶಿಯಾ, ನೀಲಗಿರಿ ತೋಪುಗಳು ಎದ್ದುದನ್ನೂ ಕಂಡ ನೆಲವಿದು. ಆದ್ದರಿಂದ ಈ ವಾದದಿಂದ ಹೊರಡಬೇಕಾದ ತೀರ್ಮಾನವೆಂದರೆ ಪುನರ್ನವೀಕರಣ ಚೆನ್ನಾಗಿರಬೇಕು ಎಂಬುದು. ಪ್ರತಿ ಸಲವೂ ಹೊಸದನ್ನೇ ಕೊಳ್ಳಬೇಕೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಹಾಳೆಯ ಎರಡೂ ಬದಿ ಮುದ್ರಿಸುವುದು, ಬೇಡದ ಪ್ರತಿಗಳನ್ನು ಕೇಳದಿರುವುದು ಇದಕ್ಕೆ ಜೊತೆಯಾಗಬೇಕು.

ನಕಲಿ ಮಾಲು ಬರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಖಾಲಿ ಕಾರ್ಟ್ರಿಜ್ಜಿಗೆ ಪುಡಿ ತುಂಬಿ ಹೊಸ ಡಬ್ಬಿಯಲ್ಲಿಟ್ಟು ಕಂಪನಿಯ ಮೊಹರಿನೊಡನೆ ಮಾರುವುದು ವಂಚನೆಯೇ. ಪುನರ್ನವೀಕರಣಕಾರನು ಅದನ್ನು ಪುನರ್ನವೀಕೃತವೆಂದೇ ಹೇಳಿ, ತನ್ನ ಹೆಸರು, ಮಾಡಿದ ದಿನಾಂಕ, ಬದಲಿಸಿದ ಭಾಗಗಳನ್ನು ಚೀಟಿಯಲ್ಲಿ ಬರೆದು ಅಂಟಿಸುತ್ತಾನೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಧಿಕಾರಿಗಳಿಂದಾಗಿ ಪ್ರಾಮಾಣಿಕ ಕೆಲಸಗಾರ ಸೋಲುತ್ತಾನೆ, ವಂಚಕ ಗೆಲ್ಲುತ್ತಾನೆ.

ಆಗಬೇಕಾದ ಕೆಲಸ

ಮೊದಲನೆಯದಾಗಿ, ಖಾಲಿ ಕಾರ್ಟ್ರಿಜ್ ಊರಿನ ಕಸದಲ್ಲಿ ಬೆರೆಯಬಾರದು. ಪಂಚಾಯಿತಿಗಳ ಸ್ವಚ್ಛ ವಾಹಿನಿಗಳು ಈಗ ಒಣಕಸ ಸಂಗ್ರಹಿಸುತ್ತಿವೆ. ಹಲವೆಡೆ ಮಹಿಳಾ ಸ್ವಸಹಾಯ ಸಂಘಗಳೇ ಅವನ್ನು ನಡೆಸುತ್ತಿವೆ. ತಿಂಗಳಿಗೊಂದು ದಿನ ಕಚೇರಿ-ಅಂಗಡಿಗಳಿಂದ ಕಾರ್ಟ್ರಿಜ್ಜನ್ನು ಪ್ರತ್ಯೇಕವಾಗಿ, ಚೀಲದಲ್ಲಿ ಕಟ್ಟಿದ ಸ್ಥಿತಿಯಲ್ಲಿ ಪಡೆದು ತಾಲ್ಲೂಕು ಕೇಂದ್ರದಲ್ಲಿ ಒಟ್ಟುಮಾಡಿದರೆ ಎಂಟು-ಹತ್ತಿನ ಜಾಗದಲ್ಲಿ ನೂರಾರು ಸೇರುತ್ತವೆ; ಲಾರಿ ಬರಲು ಆಗ ಕಾರಣವಿರುತ್ತದೆ. ದುರಸ್ತಿಗೆ ಯೋಗ್ಯವಾದುದು ಊರಿನ ಕೆಲಸಗಾರನಿಗೆ, ಒಡೆದುಹೋದುದು ಹಾಗೂ ಬಳಸಿದ ಪುಡಿ ನೋಂದಾಯಿತ ಘಟಕಕ್ಕೆ ಹೋಗಬೇಕು.

ಎರಡನೆಯದಾಗಿ, ಕೆಲಸಗಾರನ ಶ್ವಾಸಕೋಶ ಉಳಿಯಬೇಕು. ಶೋಧಕವುಳ್ಳ ಹೀರುಯಂತ್ರ, ಸರಿಯಾದ ಮುಖಗವಸು, ಗಾಳಿಯಾಡುವ ಕೋಣೆ, ಪುಡಿ ಹಾರದಂತಹ ಮುಚ್ಚಿದ ಪೆಟ್ಟಿಗೆ ಇವು ಕೋಟಿಗಟ್ಟಲೆ ಬೇಡುವ ಸಲಕರಣೆಗಳಲ್ಲ. ಮೈಮೇಲೆ ಬಿದ್ದ ಪುಡಿಯನ್ನು ತಣ್ಣೀರಿನಿಂದ ತೊಳೆಯಬೇಕು, ಬಿಸಿನೀರು ಅದನ್ನು ಇನ್ನಷ್ಟು ಅಂಟಿಸುತ್ತದೆ ಎಂಬಂತಹ ಸಣ್ಣ ತಿಳಿವಳಿಕೆಯೂ ಮುಖ್ಯ. ಕೈಗಾರಿಕಾ ತರಬೇತಿ ಸಂಸ್ಥೆಗಳು, ಪಾಲಿಟೆಕ್ನಿಕ್‌ಗಳು ಇದನ್ನು ಅಲ್ಪಾವಧಿಯ ತರಬೇತಿಯಾಗಿ ಕಲಿಸಬಹುದು. ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗ-ಹುಡುಗಿಯರಲ್ಲಿ ಕೆಲವರಿಗಾದರೂ ಊರಿನಲ್ಲೇ ಗೌರವದ ದುಡಿಮೆ ಸಿಕ್ಕೀತು.

ಮೂರನೆಯದಾಗಿ, ಸರ್ಕಾರಿ ಟೆಂಡರುಗಳಲ್ಲಿ ಕಣ್ಣುಮುಚ್ಚಿ 'ಕಂಪನಿಯ ಹೊಸ ಕಾರ್ಟ್ರಿಜ್ ಮಾತ್ರ' ಎಂದು ಬರೆಯುವ ಚಾಳಿ ನಿಲ್ಲಬೇಕು. ಇಷ್ಟು ಪುಟ ಬರಬೇಕು, ಸೋರಬಾರದು, ಕೆಟ್ಟರೆ ಬದಲಿಸಿ ಕೊಡಬೇಕು ಎಂಬ ಷರತ್ತು ಹಾಕಿ, ಅದನ್ನು ಪೂರೈಸುವ ಪುನರ್ನವೀಕೃತ ಮಾಲಿಗೂ ಅವಕಾಶ ಕೊಡಬೇಕು. ಪ್ರಿಂಟರ್ ಕೊಳ್ಳುವಾಗ ಯಂತ್ರದ ಬೆಲೆಯನ್ನಷ್ಟೇ ನೋಡದೆ ಪುಟವೊಂದಕ್ಕೆ ತಗಲುವ ವೆಚ್ಚವನ್ನೂ ಮರುತುಂಬುವ ಸೌಲಭ್ಯವನ್ನೂ ನೋಡಬೇಕು. ಬೇರೆ ವಿನ್ಯಾಸ ಅಸಾಧ್ಯವೇನಲ್ಲ. ಜಪಾನಿನ ಕ್ಯೋಸೆರಾ ಕಂಪನಿ 1992ರಲ್ಲೇ ದೀರ್ಘಕಾಲ ಬಾಳುವ ಡ್ರಮ್ ಯಂತ್ರದಲ್ಲೇ ಉಳಿದು ಪುಡಿಯ ಡಬ್ಬಿ ಮಾತ್ರ ಬದಲಾಗುವ ಪ್ರಿಂಟರನ್ನು ಹೊರತಂದಿತು.

ನಾಲ್ಕನೆಯದಾಗಿ, ದುರಸ್ತಿಯ ಹಕ್ಕಿನ ಚರ್ಚೆಯಲ್ಲಿ ಈ ವಿಷಯವೂ ಸೇರಬೇಕು. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಇದಕ್ಕಾಗಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ದುರಸ್ತಿಯ ಮಾಹಿತಿಗೆಂದು ಜಾಲತಾಣವನ್ನೂ ತೆರೆಯಿತು. ಮಾಹಿತಿ ಕೊಟ್ಟರೆ ಸಾಲದು. ಮರುಬಳಕೆಗೆ ಬೀಗ ಹಾಕುವ ಚಿಪ್ಪನ್ನು ಕಾನೂನೇ ತಡೆಯಬೇಕು. ಬೃಹತ್ ಬಳಕೆದಾರರ ವ್ಯಾಖ್ಯೆಗೆ ಗಾತ್ರ ನೋಡದೆ ಎಲ್ಲ ಸರ್ಕಾರಿ ಕಚೇರಿಗಳನ್ನೂ ಸೇರಿಸಬೇಕು.

ಇದೆಲ್ಲ ಮೇಲಿನಿಂದ ಬರುವವರೆಗೆ ಊರು ಕಾಯಬೇಕಿಲ್ಲ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಯಾವ ಗ್ರಾಮಸ್ಥನೂ ತನ್ನ ಪಂಚಾಯಿತಿಗೆ ಮೂರು ಪ್ರಶ್ನೆ ಕೇಳಬಹುದು. ಕಳೆದ ವರ್ಷ ಎಷ್ಟು ಕಾರ್ಟ್ರಿಜ್ ಕೊಳ್ಳಲಾಯಿತು? ಎಷ್ಟನ್ನು ಮರುತುಂಬಿಸಲಾಯಿತು? ಖಾಲಿಯಾದವು ಎಲ್ಲಿಗೆ ಹೋದವು? ವಿದ್ಯಾರ್ಥಿಗಳು ತಮ್ಮ ಕಾಲೇಜಿನಿಂದಲೇ ಇದೇ ಲೆಕ್ಕ ಆರಂಭಿಸಬಹುದು. ಒಂದು ತಾಲ್ಲೂಕಿನ ಲೆಕ್ಕ ಪೂರ್ತಿಯಾಗಿ ಕೈಗೆ ಬಂದರೆ ಅದನ್ನು ಗ್ರಾಮಸಭೆಯ ಮುಂದಿಡಬಹುದು, ಶಾಸಕರ ಮುಂದಿಡಬಹುದು, ಮಾಲಿನ್ಯ ನಿಯಂತ್ರಣ ಮಂಡಳಿಯ ಮುಂದಿಡಬಹುದು. ಲೆಕ್ಕವಿಲ್ಲದ ಕಸಕ್ಕೆ ಹೊಣೆಗಾರರು ಇರುವುದಿಲ್ಲ. ಮೂರನೆಯ ಪ್ರಶ್ನೆಗೆ ಕಚೇರಿಯ ಮೊಹರಿನೊಡನೆ ಉತ್ತರ ಬಂದ ದಿನದಿಂದ ಹೊಣೆಗಾರರ ಹೆಸರು ತಾನಾಗಿ ಗೊತ್ತಾಗುತ್ತದೆ. ಆ ಉತ್ತರವೂ ಮುದ್ರಿತವಾದ ಹಾಳೆಯಲ್ಲೇ ಬರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟು, ಹಾಳೆಯ ಎರಡೂ ಬದಿಯಲ್ಲಿ ಮುದ್ರಿಸಿ ಕೊಡಿರೆಂದು ಅರ್ಜಿಯಲ್ಲೇ ಬರೆಯುವುದು ಒಳಿತು.